ಅಂಟು ಹಿಡಿದ ಜನರೇಟರ್ ಪಂಪ್: ಟ್ಯಾಂಕಿಗೆ ಕ್ಲೀನರ್, ಕೂತಲ್ಲೇ ನೆನೆಸುವುದು, ಇಲ್ಲ ಬಿಚ್ಚಿ ತೊಳೆಯುವುದು?

ಹಳೇ ಡೀಸೆಲ್ ತುಂಬಿಕೊಂಡು ತಿಂಗಳುಗಟ್ಟಲೆ ನಿಂತ ಜನರೇಟರ್ ಸ್ಟಾರ್ಟ್ ಆಗದೆ, ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಇಂಜೆಕ್ಷನ್ ಪಂಪ್ ಜಾಮ್ ಆಗಿದೆ ಎಂದು ಖಾತ್ರಿಯಾದರೆ, ನಾನು ಹಿಡಿಯುವ ದಾರಿ ಒಂದೇ: ಪಂಪನ್ನು ಕಳಚಿ, ಪೂರ್ತಿ ಬಿಚ್ಚಿ, ತೊಳೆದು ಕೂರಿಸುವುದು. ಉಳಿದ ಉಪಾಯಗಳನ್ನೂ ಮಾಡಿ ನೋಡಿಯೇ ಇದನ್ನು ಹೇಳುತ್ತಿದ್ದೇನೆ. ಇದು ಒಂದು ಸಿಲಿಂಡರಿನ ಸಣ್ಣ ಎಂಜಿನ್‌ಗಳ ಮಾತು. ಬಹು ಸಿಲಿಂಡರಿನ ಇನ್‌ಲೈನ್ ಪಂಪ್ ಅಥವಾ ರೋಟರಿ ಪಂಪ್ ಇದ್ದರೆ ಲೆಕ್ಕವೇ ಬೇರೆ.

ಟ್ಯಾಂಕಿಗೆ ಕ್ಲೀನರ್ ಸುರಿಯುವುದು ಓಡುತ್ತಿರುವ ಎಂಜಿನ್‌ಗೆ ಸರಿ, ಜಾಮ್ ಆದದ್ದಕ್ಕೆ ಅಲ್ಲ. ಪಂಪಿನೊಳಗೆ ಡೀಸೆಲ್ ಹರಿಯದಿದ್ದರೆ ಕ್ಲೀನರ್ ಎಲ್ಲಿಂದ ಹೋಗಬೇಕು? ಅದರ ಜೊತೆಗೆ ಟ್ಯಾಂಕಿನ ತಳದ ಕೆಸರನ್ನೂ ಕಲಕಿ ಫಿಲ್ಟರಿಗೆ ತಂದು ತುಂಬುತ್ತದೆ.

ಕೂತಲ್ಲೇ ನೆನೆಸುವುದು ಅದಕ್ಕಿಂತ ಎಷ್ಟೋ ಮೇಲು. ಟ್ಯಾಂಕಿನ ನಲ್ಲಿ ಮುಚ್ಚಿ, ಪಂಪಿಗಿಂತ ಎತ್ತರದಲ್ಲಿ ಸಣ್ಣ ಬಾಟಲಿ ತೂಗುಹಾಕಿ, ಅರ್ಧ ಇಂಜೆಕ್ಟರ್ ಕ್ಲೀನರ್ ಅರ್ಧ ಶುದ್ಧ ಡೀಸೆಲ್ ಬೆರೆಸಿ ನೇರವಾಗಿ ಪಂಪಿನ ಬಾಯಿಗೆ ಕೊಡಬೇಕು. ಗಾಳಿ ತೆಗೆದು ಒಂದು ದಿನ ಬಿಟ್ಟು, ಡಿಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವ ಹಿಡಿ) ಎತ್ತಿ ಎಂಜಿನ್ನನ್ನು ನಿಧಾನಕ್ಕೆ ತಿರುಗಿಸಬೇಕು. ಪ್ಲಂಜರ್, ಅಂದರೆ ಬ್ಯಾರೆಲ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡಿ ಡೀಸೆಲ್ ಒತ್ತುವ ಉಕ್ಕಿನ ಕಡ್ಡಿ, ಬರೀ ಮಂದವಾಗಿದ್ದರೆ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಪೂರ್ತಿ ಹಿಡಿದಿದ್ದರೆ ಬಿಡುವುದಿಲ್ಲ. ಪ್ಲಂಜರನ್ನು ಮೇಲಕ್ಕೆ ತಳ್ಳುವುದು ಕ್ಯಾಮ್, ಅದಕ್ಕೆ ಬಲ ಬೇಕಾದಷ್ಟಿದೆ. ಕೆಳಕ್ಕೆ ಎಳೆಯುವುದು ಮಾತ್ರ ಒಂದು ಸ್ಪ್ರಿಂಗ್. ಅಂಟು ಆ ಸ್ಪ್ರಿಂಗನ್ನು ಸೋಲಿಸುವುದರಿಂದ ಪ್ಲಂಜರ್ ಮೇಲೆಯೇ ನಿಂತುಬಿಡುತ್ತದೆ. ಬ್ಯಾರೆಲ್‌ಗೂ ಅದಕ್ಕೂ ನಡುವಿನ ಸಂದು ಕೆಲವೇ ಮೈಕ್ರಾನ್, ಅದರಲ್ಲಿ ಕ್ಲೀನರ್ ಇಳಿಯುವುದು ಬಲು ನಿಧಾನ.

ನನಗೆ ಈ ದಾರಿಯ ಮೇಲೆ ನಂಬಿಕೆ ಇಲ್ಲದಿರುವುದಕ್ಕೆ ದೊಡ್ಡ ಕಾರಣ ರ‍್ಯಾಕ್. ಡೀಸೆಲ್ ಎಷ್ಟು ಹೋಗಬೇಕು ಎಂದು ಪ್ಲಂಜರನ್ನು ತಿರುಗಿಸಿ ನಿರ್ಧರಿಸುವ ಹಲ್ಲುಕಡ್ಡಿ ಅದು. ಪ್ಲಂಜರಿನಿಂದ ಸೋರಿ ಇಳಿದ ಡೀಸೆಲ್ ಅಲ್ಲಿ ಒಣಗಿ ಅಂಟಾಗಿರುತ್ತದೆ. ಮೇಲಿನಿಂದ ಕೊಟ್ಟ ಕ್ಲೀನರ್ ಅಲ್ಲಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಪ್ಲಂಜರ್ ಬಿಟ್ಟುಕೊಂಡು ರ‍್ಯಾಕ್ ಪೂರ್ತಿ ಡೀಸೆಲ್ ಕೊಡುವ ಸ್ಥಾನದಲ್ಲೇ ಹಿಡಿದಿದ್ದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ವೇಗ ಏರುತ್ತಲೇ ಹೋಗುತ್ತದೆ, ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ನಿಂದ ತಡೆಯಲಾಗದು. ಪಂಪ್ ಕೈಯಲ್ಲಿದ್ದರೆ ರ‍್ಯಾಕನ್ನು ಬೆರಳಿಂದ ಸರಿಸಿ ನೋಡಬಹುದು. ತನ್ನ ಭಾರಕ್ಕೇ ಆಚೀಚೆ ಜಾರಬೇಕು.

ಬಿಚ್ಚುವ ಮುನ್ನ ಪಂಪಿನ ಸುತ್ತ ಬ್ರಷ್ ಮತ್ತು ಡೀಸೆಲ್‌ನಿಂದ ತೊಳೆಯಿರಿ, ಪೈಪಿನ ಬಾಯಿ ಮುಚ್ಚಿ. ಪಂಪಿನ ಅಡಿಯ ತೆಳು ಹಾಳೆಗಳಾದ ಶಿಮ್‌ಗಳನ್ನು ಎಣಿಸಿ ಒಟ್ಟಿಗೆ ಕಟ್ಟಿಡಿ: ಒಂದು ಕಡಿಮೆಯಾದರೆ ಇಂಜೆಕ್ಷನ್ ಬೇಗ, ಒಂದು ಹೆಚ್ಚಾದರೆ ತಡ. ಮೇಲಿನಿಂದ ಡೆಲಿವರಿ ವಾಲ್ವ್ ಹೋಲ್ಡರ್, ಸ್ಪ್ರಿಂಗ್, ವಾಲ್ವ್, ಸೀಟ್. ಕೆಳಗಿನಿಂದ ಟ್ಯಾಪೆಟ್, ಸ್ಪ್ರಿಂಗ್, ಪ್ಲಂಜರ್, ಅದನ್ನು ತಿರುಗಿಸುವ ತೋಳು (ಸ್ಲೀವ್), ರ‍್ಯಾಕ್. ರಬ್ಬರ್ ರಿಂಗ್‌ಗಳನ್ನು ತೆಗೆದಿಟ್ಟ ಮೇಲೆಯೇ ಅಸಿಟೋನ್, ಇಲ್ಲವಾದರೆ ಅವು ಊದಿಕೊಳ್ಳುತ್ತವೆ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ. ಸೀಮೆಎಣ್ಣೆ ಜಿಡ್ಡು ತೆಗೆಯುತ್ತದೆ, ಕಂದು ಬಣ್ಣದ ಗಟ್ಟಿ ಪದರವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಪ್ಲಂಜರ್ ಬರದಿದ್ದರೆ ಸುತ್ತಿಗೆ ಬೇಡ, ರಾತ್ರಿಯೆಲ್ಲ ನೆನೆಯಲಿ, ಆಮೇಲೆ ಎಡಕ್ಕೆ ಬಲಕ್ಕೆ ಕೊಂಚ ಕೊಂಚವೇ ತಿರುಗಿಸಿ ಎಳೆಯಿರಿ. ಎಮರಿ ಕಾಗದ, ತಂತಿ ಬ್ರಷ್ ಯಾವುದೂ ಅದರ ಹತ್ತಿರ ಸುಳಿಯಬಾರದು. ಅಸಿಟೋನಿನಿಂದ ತೆಗೆದ ತಕ್ಷಣ ಶುದ್ಧ ಡೀಸೆಲ್‌ನಲ್ಲಿ ಅದ್ದಿ, ಒಣ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಪರೀಕ್ಷೆ ಸುಲಭ. ಡೀಸೆಲ್ ಹಚ್ಚಿದ ಬ್ಯಾರೆಲನ್ನು ಸುಮಾರು 60 ಡಿಗ್ರಿ ಓರೆ ಹಿಡಿದು, ಪ್ಲಂಜರನ್ನು ಮೂರನೇ ಒಂದು ಭಾಗ ಹೊರಗೆಳೆದು ಬಿಡಿ. ತಡೆಯಿಲ್ಲದೆ, ನಿಧಾನವಾಗಿ ಒಳಗಿಳಿಯಬೇಕು. ದಡಕ್ಕನೆ ಬಿದ್ದರೆ ಸವೆದಿದೆ ಎಂದರ್ಥ, ತೊಳೆದು ಫಲವಿಲ್ಲ. ಬದಲಿಸುವುದಾದರೆ ಪ್ಲಂಜರ್ ಬ್ಯಾರೆಲ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು.

ಕಿರಿಕಿರಿ ಇರುವುದು ಜೋಡಿಸುವಾಗ, ಅದೂ ಒಂದೇ ಜಾಗದಲ್ಲಿ. ರ‍್ಯಾಕಿನ ತುದಿಯ ಗುಂಡುಪಿನ್ ಎಂಜಿನ್ ಒಳಗಿನ ಗವರ್ನರ್ ಲಿವರ್‌ನ ಕವಲಿನಲ್ಲಿ ಕೂರಬೇಕು. ಪಂಪನ್ನು ಇಳಿಸುವಾಗ ಆ ಕವಲು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಪಿನ್ ಪಕ್ಕಕ್ಕೆ ಇಳಿದರೂ ಪಂಪ್ ಚೆನ್ನಾಗಿಯೇ ಕೂರುತ್ತದೆ, ಬೋಲ್ಟ್‌ಗಳೂ ಬಿಗಿಯಾಗುತ್ತವೆ. ಕೈಗೆ ಏನೂ ತಿಳಿಯದು. ಎಂಜಿನ್ ಹತ್ತಿ ವೇಗ ತಡೆಯಿಲ್ಲದೆ ಏರಿದಾಗ ಮಾತ್ರ ತಿಳಿಯುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ.

ಅದಕ್ಕೇ ರ‍್ಯಾಕನ್ನು ನಡುವಿನಲ್ಲಿ ಇಟ್ಟು, ಲಿವರನ್ನೂ ನಡುವಿಗೆ ತಂದು ಹಿಡಿದು, ಪಂಪನ್ನು ನೇರವಾಗಿ ಇಳಿಸಬೇಕು. ಬೋಲ್ಟ್‌ಗಳನ್ನು ಕೈಯಲ್ಲಿ ಹಿಡಿಯುವಷ್ಟೇ ತಿರುಗಿಸಿ, ಸ್ಟಾಪ್ ಲಿವರನ್ನು ಆಚೀಚೆ ಆಡಿಸಿ. ರ‍್ಯಾಕ್ ಎರಡೂ ಕಡೆಗೆ ಅದರ ಜೊತೆಯಲ್ಲೇ ಚಲಿಸಬೇಕು. ಲಿವರ್ ಒಂದು ಕಡೆಗಷ್ಟೇ ಒತ್ತಿದಂತಾಗಿ ವಾಪಸ್ ಬರುವಾಗ ಸಡಿಲವಾದರೆ ಪಿನ್ ಕವಲಿನ ಹೊರಗಿದೆ. ಮತ್ತೆ ಎತ್ತಿ ಇಳಿಸಿ.

ಪ್ಲಂಜರ್ ಬುಡದ ಗುರುತೂ ತೋಳಿನ ಗುರುತೂ ಒಂದೇ ಕಡೆ ಇರಬೇಕು. ಅರ್ಧ ಸುತ್ತು ತಪ್ಪಿದರೂ ವೇಗ ಕೈಮೀರುವ ಇದೇ ಅಪಾಯ. ಡೆಲಿವರಿ ಹೋಲ್ಡರನ್ನು ಮ್ಯಾನ್ಯುಅಲ್ ಹೇಳುವ ಟಾರ್ಕ್‌ಗೆ ಮಾತ್ರ ಬಿಗಿಯಿರಿ. ಮಿತಿ ಮೀರಿದರೆ ಬ್ಯಾರೆಲ್ ಸೊಟ್ಟಗಾಗಿ ತೊಳೆದ ಪ್ಲಂಜರ್ ಮತ್ತೆ ಹಿಡಿಯುತ್ತದೆ. ಮೊದಲ ಸ್ಟಾರ್ಟ್‌ಗೆ ಏರ್ ಫಿಲ್ಟರ್ ತೆಗೆದು, ವೇಗ ಕೈಮೀರಿದರೆ ಗಾಳಿ ಎಳೆಯುವ ಬಾಯಿ ಮುಚ್ಚಿ ಎಂಜಿನ್ ನಿಲ್ಲಿಸಲು ಒಂದು ಹಲಗೆ ಸಿದ್ಧವಿರಲಿ. ಕೈ ಬೇಡ, ಬಟ್ಟೆ ಬೇಡ. ನಾಝಲ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತುದಿ) ಪರೀಕ್ಷಿಸುವುದಾದರೆ ಅದರ ಸಿಂಪಡಣೆಗೆ ಬೆರಳು ಒಡ್ಡಬೇಡಿ, ಚರ್ಮ ಸೀಳಿ ಒಳಗೆ ಹೋಗುತ್ತದೆ.

ಶಬ್ದತರಂಗದಿಂದ ತೊಳೆಯುವ ಅಲ್ಟ್ರಾಸೋನಿಕ್ ತೊಟ್ಟಿ ಒಳ್ಳೆಯದೇ. ಬಿಡಿಭಾಗಗಳ ಸಣ್ಣ ರಂಧ್ರಗಳನ್ನು ಅದರಷ್ಟು ಚೆನ್ನಾಗಿ ಇನ್ನೇನೂ ತೊಳೆಯದು. ಆದರೆ ಪಂಪನ್ನು ಬಿಚ್ಚುವುದಂತೂ ತಪ್ಪುವುದಿಲ್ಲ, ಒಳಗೆ ನೀರಿನ ದ್ರಾವಣ ಇರುವುದರಿಂದ ತೆಗೆದ ಕೂಡಲೇ ಒಣಗಿಸಿ ಡೀಸೆಲ್ ಹಚ್ಚಬೇಕು. ಅದಕ್ಕೆ ಅಸಿಟೋನ್ ಹಾಕುವಂತಿಲ್ಲ. ವರ್ಷಕ್ಕೆ ಹಲವು ಪಂಪ್ ಮಾಡುವವರು ಕೊಳ್ಳಲಿ. ನನ್ನಂತೆ ಸ್ಟೀಲ್ ತಟ್ಟೆ, ಮೃದು ಬ್ರಷ್, ಟಾರ್ಕ್ ರೆಂಚ್ ಇಟ್ಟುಕೊಂಡವರಿಗೆ ಬೇಕಿಲ್ಲ.

ಇನ್‌ಲೈನ್ ಪಂಪಿಗೆ ನನ್ನ ಆಯ್ಕೆ ತಿರುಗುಮುರುಗು: ಮೊದಲು ಕೂತಲ್ಲೇ ನೆನೆಸುವುದು, ಆಗದಿದ್ದರೆ ಕ್ಯಾಲಿಬ್ರೇಷನ್ ಬೆಂಚ್ ಇರುವವರ ಕೈಗೆ. ಎಲ್ಲ ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗುವಂತೆ ಹೊಂದಿಸುವುದು ಬೆಂಚ್ ಇಲ್ಲದೆ ಆಗುವ ಕೆಲಸವಲ್ಲ. ಯಾವ ದಾರಿ ಹಿಡಿದರೂ ಹಳೇ ಡೀಸೆಲ್ ಹೊರಹಾಕಿ, ಟ್ಯಾಂಕಿನ ತಳದ ನೀರು ಕೆಸರು ತೊಳೆದು, ಹೊಸ ಫಿಲ್ಟರ್ ಹಾಕಿದ ಮೇಲೆಯೇ ಪಂಪಿಗೆ ಪೈಪ್ ಜೋಡಿಸಿ.