34ರಲ್ಲಿ ಹಲ್ಲಿಗೆ ಕ್ಲಿಪ್

22 ತಿಂಗಳು ಕ್ಲಿಪ್ ಹಾಕಿಕೊಂಡಿದ್ದೆ. ಮೊದಲ ವಾರವಂತೂ ಸಾಕಪ್ಪಾ ಸಾಕು ಅನ್ನಿಸಿತ್ತು. ತಂತಿಯ ತುದಿ ಚುಚ್ಚಿ ಕೆನ್ನೆಯ ಒಳಗೆ ಹುಣ್ಣು. ಮಾತಾಡುವಾಗ ಬಾಯಿ ಸೊಟ್ಟ ಮಾಡಿಕೊಳ್ಳುತ್ತಿದ್ದೆ. ತಂತಿಯ ತುದಿಗೆ ಮೇಣದ ಸಣ್ಣ ಉಂಡೆ ಒತ್ತಿಕೊಂಡ ಮೇಲೆ ಜೀವ ಬಂತು. ತಂತಿ ಬಿಗಿ ಮಾಡಿಸಿದಾಗಲೆಲ್ಲ ಮೂರು ದಿನ ಅಗಿಯೋಕೇ ಆಗುತ್ತಿರಲಿಲ್ಲ.

ಹಲ್ಲು ಸರಿಯಬೇಕಾದರೆ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿ ಹೊಸದು ಬೆಳೆಯಬೇಕಂತೆ. ಅದಕ್ಕೇ ಅವಸರ ಮಾಡುವ ಹಾಗಿಲ್ಲ. ಡಾಕ್ಟರ್ ನನ್ನ ಹಲ್ಲಿನ ಅಚ್ಚು ಹಿಡಿದೇ ವಿವರಿಸಿದರು, ಅದು ಇಷ್ಟವಾಯಿತು. ಆದರೆ ಕ್ಲಿಪ್ ತೆಗೆದ ಮೇಲೂ ರಾತ್ರಿ, ಹಲ್ಲು ಮತ್ತೆ ಜರುಗದ ಹಾಗೆ ಹಿಡಿದಿಡುವ ರಿಟೇನರ್ ಹಾಕಬೇಕು ಅಂತ ಕೊನೆಯ ದಿನ ಹೇಳಿದರು. ಮೊದಲೇ ಹೇಳಬಹುದಿತ್ತು ಅಲ್ವಾ?

ಹಲ್ಲು ಸಾಲಾಗಿ ನಿಂತಿವೆ. ನಗುವಾಗ ಬಾಯಿಗೆ ಅಡ್ಡ ಬರುವ ಕೈ ಮಾತ್ರ ಇನ್ನೂ ಹಳೇ ಚಾಳಿ ಬಿಟ್ಟಿಲ್ಲ. ಮೊನ್ನೆ ಫೋಟೋ ತೆಗೆಯುವಾಗ ಮಗಳೇ ಅದನ್ನು ಹಿಡಿದು ಕೆಳಗಿಳಿಸಿದಳು.