‘ಎರಡೂ ಒಂದೇ’ ಅಂತ ಕೊಟ್ಟ ತೋಟಾ: ಜಿಂಕೆ ಬೇಟೆಗೆ ಹೋಗುವವರು ಗಮನಿಸಿ

ನೀವು ಕೇಳಿದ ತೋಟಾ ಖಾಲಿಯಾಗಿದೆ, ಇದೂ ಅದೇ, ತಗೊಳ್ಳಿ ಅಂತ ಅಂಗಡಿಯವರು ಬೇರೆ ಪೆಟ್ಟಿಗೆ ಕೈಗಿಟ್ಟರೆ ದಯವಿಟ್ಟು ತಗೋಬೇಡಿ. ಕ್ಯಾಲಿಬರ್, ಅಂದರೆ ಗುಂಡಿನ ದಪ್ಪದ ಅಳತೆ, ಒಂದೇ ಇರಬಹುದು. ಗುಂಡಿನ ತೂಕ ಒಂದೇ ಇರಬಹುದು. ಪೆಟ್ಟಿಗೆ ಮೇಲೆ ಕೊಂಬಿನ ಜಿಂಕೆಯ ಚಂದದ ಚಿತ್ರವೂ ಇರಬಹುದು. ಆದರೂ ಒಳಗಿರುವ ಗುಂಡಿನ ಜಾತಿಯೇ ಬೇರೆ ಆಗಿರುತ್ತದೆ. ಹಾಗೆ ಕೊಟ್ಟ ಒಂದು ಪೆಟ್ಟಿಗೆಯಿಂದ ನನಗೆ ಒಂದು ಜಿಂಕೆಯ ಎರಡೂ ಮುಂಗಾಲಿನ ಮಾಂಸ ಪೂರ್ತಿ ದಂಡವಾಯಿತು.

ಮೊದಲೇ ಹೇಳಿಬಿಡುತ್ತೇನೆ. ಇದು ಲೈಸೆನ್ಸ್ ಪಡೆದು, ಸೀಸನ್ ನೋಡಿಕೊಂಡು ಜಿಂಕೆ ಬೇಟೆಯಾಡಲು ಕಾನೂನು ಒಪ್ಪುವ ದೇಶಗಳ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ, ಅಲ್ಲಿ ಈ ಪ್ರಶ್ನೆಯೇ ಇಲ್ಲ.

ನನ್ನದು .300 ವಿನ್‌ಚೆಸ್ಟರ್ ಮ್ಯಾಗ್ನಮ್ ರೈಫಲ್. ಜಿಂಕೆಗೆ ಇದು ಸ್ವಲ್ಪ ಜಾಸ್ತಿಯೇ ಅಂತ ಯಾರಾದರೂ ಅಂದರೆ ಜಗಳವಾಡುವುದಿಲ್ಲ. ಆದರೆ 180 ಗ್ರೇನ್ ತೂಕದ, ಅಂದರೆ ಹನ್ನೊಂದೂವರೆ ಗ್ರಾಮ್‌ಗಿಂತ ಸ್ವಲ್ಪ ಮೇಲಿನ, ‘ಬಾಂಡೆಡ್’ ಗುಂಡು ಹಾಕಿದಾಗ ಅದು ಮಾಂಸ ಕೆಡಿಸಿದ್ದು ಕಡಿಮೆ. ಬಾಂಡೆಡ್ ಅಂದರೆ ಒಳಗಿನ ಸೀಸವನ್ನೂ ಹೊರಗಿನ ತಾಮ್ರದ ಕವಚವನ್ನೂ ಒಂದಕ್ಕೊಂದು ಬೆಸೆದಿರುತ್ತಾರೆ. ಹೊಕ್ಕ ಮೇಲೆ ಮೂತಿ ಅರಳುತ್ತದೆ, ಆದರೆ ಚೂರುಚೂರಾಗುವುದಿಲ್ಲ. ನಾನು ಕೇಳಿದ್ದು ಅದನ್ನೇ. ಅಂಗಡಿಯಾತ ಕೊಟ್ಟಿದ್ದು 180 ಗ್ರೇನ್‌ನದೇ, ಆದರೆ ತುದಿಯಲ್ಲಿ ಪ್ಲಾಸ್ಟಿಕ್ ಮೂತಿ, ತೆಳು ಕವಚ, ಒಳಗೆ ಬೆಸೆಯದ ಮೆತ್ತನೆ ಸೀಸ. ‘ತೂಕ ಒಂದೇ, ವೇಗ ಒಂದೇ, ಕಣ್ಣು ಮುಚ್ಚಿಕೊಂಡು ಹೋಗಿ’ ಅಂದ. ಗುರಿ ಅಭ್ಯಾಸದ ಜಾಗದಲ್ಲಿ ಅದು ಕಾಗದದ ಮೇಲೆ ಎಷ್ಟು ಚೆನ್ನಾಗಿ ಕೂತಿತೆಂದರೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಕಾಗದದಲ್ಲಿ ಎಲ್ಲ ಗುಂಡೂ ತೂತೇ ಮಾಡುತ್ತವೆ!

ಜಿಂಕೆ ಸಿಕ್ಕಿದ್ದು ಐವತ್ತು ಮೀಟರ್ ಆಸುಪಾಸಿನಲ್ಲಿ. ಸ್ವಲ್ಪ ಓರೆಯಾಗಿ ನಿಂತಿತ್ತು. ಗುಂಡು ಒಂದು ಭುಜದ ಅಂಚಿನಲ್ಲಿ ಹೊಕ್ಕು ಆಚೆ ಭುಜದ ಕಡೆಯಿಂದ ಹೊರಬಂತು. ನಿಂತಲ್ಲೇ ಬಿತ್ತು, ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಲ್ಲಿಗೆ ಎಲ್ಲ ಸರಿ ಅಂತಲೇ ಅಂದುಕೊಂಡೆ.

ಚರ್ಮ ಸುಲಿದಾಗ ಗೊತ್ತಾಯಿತು. ಹೊಕ್ಕ ಕಡೆಯ ತೂತು ಬೆರಳಗಲ, ಸರಿ. ಆದರೆ ಅದರ ಸುತ್ತ ಅಂಗೈಯಗಲಕ್ಕಿಂತ ಹೆಚ್ಚು ಜಾಗ ಕಪ್ಪುಗೆಂಪು ಲೋಳೆ. ಮಾಂಸದ ಒಂದು ಪದರವನ್ನು ಇನ್ನೊಂದರಿಂದ ಬಿಡಿಸಿದರೆ ನಡುವೆ ಹೆಪ್ಪುಗಟ್ಟಿದ ರಕ್ತ, ನೊರೆ. ಚಾಕುವಿನಿಂದ ಒಂದು ಪದರ ತೆಗೆದರೆ ಕೆಳಗೆ ಇನ್ನೊಂದು ಹಾಗೇ. ಭುಜದ ಮೂಳೆ ಒಡೆದು ಸೂಜಿಯಂಥ ಚೂರುಗಳು ಮಾಂಸದೊಳಗೆ ನಾಟಿದ್ದವು. ಒಂದು ಪಕ್ಕೆಲುಬಿನ ಅಂಚಿಗೆ ತಾಮ್ರದ ಕವಚದ ತುಣುಕು ಸಿಕ್ಕಿಕೊಂಡಿತ್ತು, ಮುದುಡಿದ ಚಾಕೊಲೇಟ್ ಕಾಗದದ ಹಾಗೆ. ಅದರ ಸುತ್ತಮುತ್ತ ಬೂದು ಬಣ್ಣದ ಪುಡಿ. ಅದು ಸೀಸ. ಆಚೆ ಭುಜದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಹಿಂದೊಡೆ, ಬೆನ್ನಿನ ಪಟ್ಟಿ ಉಳಿದವು. ಮುಂಭಾಗದಲ್ಲಿ ಕುತ್ತಿಗೆ ಬಿಟ್ಟರೆ ಬೇರೇನೂ ಇಲ್ಲ.

ಹೀಗೇಕೆ ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿದ್ದರೆ ಅಂಗಡಿಯವರ ಮಾತು ನಂಬುವ ಅಗತ್ಯವೇ ಬೀಳದು. ಗುಂಡು ದೇಹದೊಳಗೆ ಹೋಗುವಾಗ ತಾನು ಹೋದ ದಾರಿಯನ್ನಷ್ಟೇ ಕೊರೆಯುವುದಿಲ್ಲ. ಸುತ್ತಲಿನ ಮಾಂಸವನ್ನು ಒಂದು ಕ್ಷಣ ಹೊರಕ್ಕೆ ತಳ್ಳುತ್ತದೆ. ಶ್ವಾಸಕೋಶ ಹಿಗ್ಗಿ ಮತ್ತೆ ಕುಗ್ಗುತ್ತದೆ. ಗಟ್ಟಿ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಒಡೆದು ರಕ್ತ ಪದರಗಳ ನಡುವೆ ಹರಿಯುತ್ತದೆ. ಗುಂಡು ಇಡಿಯಾಗಿ ಉಳಿದರೆ ಇದು ಒಂದು ಮಿತಿಯಲ್ಲಿರುತ್ತದೆ. ಚೂರಾದರೆ ಆ ಚೂರುಗಳು ಸ್ನಾಯುವನ್ನು ಮೊದಲೇ ತೂತು ಮಾಡಿರುತ್ತವೆ, ಹಿಗ್ಗಿದ್ದು ಮತ್ತೆ ಕೂಡಿಕೊಳ್ಳದೆ ಹರಿದೇ ಹೋಗುತ್ತದೆ. ಮೂಳೆಗೂ ಬಡಿದರಂತೂ ಮುಗಿಯಿತು.

ಇದರ ಜೊತೆ ವೇಗ. ನನ್ನ ರೈಫಲ್ಲಿನಿಂದ 180 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,950 ಅಡಿ ವೇಗದಲ್ಲಿ ಹೊರಡುತ್ತದೆ. ಐವತ್ತು ಮೀಟರಿನಲ್ಲಿ ಅದರಲ್ಲಿ ಕಡಿಮೆಯಾಗುವುದು ಅಲ್ಪ. ತೆಳು ಕವಚದ ಅದೇ ಗುಂಡು ಮುನ್ನೂರು ಮೀಟರಿನಲ್ಲಿ ನಿಧಾನವಾಗಿ ತಗುಲಿದ್ದರೆ ಹದವಾಗಿ ಅರಳುತ್ತಿತ್ತೋ ಏನೋ. ಹತ್ತಿರದಲ್ಲಿ ಒಡೆದೇ ಹೋಯಿತು. 1895ರಷ್ಟು ಹಳೆಯ .30-30 ರೈಫಲ್ ಹಿಡಿದು ಓಡಾಡುವ ಹಿರಿಯರನ್ನು ನೋಡಿ ನಗುವವರಿದ್ದಾರೆ. ಅದರ 170 ಗ್ರೇನ್ ಗುಂಡು ಹೊರಡುವುದೇ 2,200 ಅಡಿ ವೇಗದಲ್ಲಿ. ಅವರ ಜಿಂಕೆಯ ಭುಜ ಮನೆಗೆ ಬರುತ್ತದೆ, ನನ್ನದು ಬರಲಿಲ್ಲ!

ಹಾಗಾಗಿ ತೋಟಾ ಕೊಳ್ಳುವಾಗ ತೂಕದ ಪಕ್ಕದಲ್ಲಿ ಬರೆದಿರುವ ಗುಂಡಿನ ಹೆಸರನ್ನು ಓದಿ. ಅಲ್ಲೇ ಇರುವುದು ವಿಷಯ. ವೇಗದ ರೈಫಲ್, ಹತ್ತಿರದ ಗುರಿ ಅಂದರೆ ಗಟ್ಟಿ ಗುಂಡು ಬೇಕು. ಬಾಂಡೆಡ್ ಒಂದು. ನಡುವೆ ತಾಮ್ರದ ಅಡ್ಡಗೋಡೆ ಇರುವ ‘ಪಾರ್ಟಿಷನ್’ ಇನ್ನೊಂದು. ಜಾನ್ ನಾಸ್ಲರ್ ಎಂಬವರು 1946ರಲ್ಲಿ ಕೆನಡಾದಲ್ಲಿ ಮೂಸ್ ಎಂಬ ಭಾರಿ ಗಾತ್ರದ ಜಿಂಕೆಗೆ ಹೊಡೆದಾಗ ಗುಂಡು ಸರಿಯಾಗಿ ಒಳಗೆ ಹೋಗದೆ, ಆ ಸಿಟ್ಟಿನಲ್ಲೇ ಇದನ್ನು ರೂಪಿಸಿದರು. ಅದರ ಮುಂಭಾಗ ಅರಳಿ ಸವೆದರೂ ಹಿಂಭಾಗ ಗಟ್ಟಿಯಾಗಿ ಉಳಿಯುತ್ತದೆ. ಮೂರನೆಯದು ಪೂರ್ತಿ ತಾಮ್ರದ್ದು. ಇದರಲ್ಲಿ ಸೀಸವೇ ಇಲ್ಲ. ಮೂತಿ ಹೂವಿನ ದಳದಂತೆ ತೆರೆದು, ತೂಕ ಬಹುತೇಕ ಪೂರ್ತಿ ಉಳಿಸಿಕೊಂಡು ಆಚೆ ಹೋಗುತ್ತದೆ. ಈಗ ನಾನು ಹಾಕುವುದು ಇದನ್ನೇ, 180ರ ಬದಲು 150 ಗ್ರೇನ್‌ನದು. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅದಕ್ಕೇ ತೂಕ ಇಳಿಸಿದೆ. ಅದು ತೆರೆಯಲು ವೇಗವೂ ಬೇಕು. ತಗುಲುವಾಗ 1,800ರಿಂದ 2,000 ಅಡಿಗಿಂತ ಕೆಳಗೆ ಇಳಿದಿದ್ದರೆ ಹಲವು ತಾಮ್ರದ ಗುಂಡುಗಳು ಸರಿಯಾಗಿ ತೆರೆಯುವುದಿಲ್ಲ. ಆದ್ದರಿಂದ ನಿಧಾನದ ರೈಫಲ್ಲಿನಲ್ಲಿ ದೂರಕ್ಕೆ ಹೊಡೆಯುವವರಿಗೆ ಸಾಧಾರಣ ಮೆತ್ತನೆ ಸೀಸದ ಗುಂಡೇ ವಾಸಿ.

ಇನ್ನೊಂದು ಸಲಹೆ ಕೇಳಿಬರುತ್ತದೆ: ಪೂರ್ತಿ ಕವಚದ ಮಿಲಿಟರಿ ಗುಂಡು ಹಾಕಿ, ಮಾಂಸ ಒಂಚೂರೂ ಕೆಡುವುದಿಲ್ಲ ಅಂತ. ಇದನ್ನು ಹೇಳಿದವರ ಹತ್ತಿರ ಬೇರೆ ಯಾವ ಸಲಹೆಯನ್ನೂ ಕೇಳಬೇಡಿ. ಆ ಗುಂಡು ಅರಳುವುದಿಲ್ಲ. ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಜಿಂಕೆ ಗಾಯ ಹೊತ್ತುಕೊಂಡು ಎಲ್ಲೋ ಓಡಿ ನರಳಿ ಸಾಯುತ್ತದೆ. ಬಹಳ ಕಡೆ ಕಾನೂನೂ ಇದನ್ನು ಒಪ್ಪುವುದಿಲ್ಲ. ‘ಮ್ಯಾಚ್’ ಅಂತ ಬರೆದ ಸ್ಪರ್ಧೆಯ ಗುಂಡುಗಳೂ ಬೇಡ. ಅವು ಕಾಗದಕ್ಕೆ ಮಾಡಿದವು. ಒಮ್ಮೆ ಸಿಡಿಯುತ್ತವೆ, ಒಮ್ಮೆ ಸುಮ್ನೆ ಹಾದುಹೋಗುತ್ತವೆ.

ಗುಂಡು ಎಷ್ಟೇ ಒಳ್ಳೆಯದಿರಲಿ, ಭುಜದ ಮೂಳೆಗೆ ಹೊಡೆದರೆ ಭುಜದ ಮಾಂಸ ಸ್ವಲ್ಪವಾದರೂ ಹೋಗೇ ಹೋಗುತ್ತದೆ. ಜಿಂಕೆ ಪಕ್ಕಕ್ಕೆ ನಿಂತಾಗ ಭುಜದ ಹಿಂದೆ, ಪಕ್ಕೆಲುಬುಗಳ ನಡುವೆ, ಶ್ವಾಸಕೋಶಕ್ಕೆ ಗುರಿಯಿಟ್ಟರೆ ಹಾಳಾಗುವುದು ಪಕ್ಕೆಲುಬಿನ ಮೇಲಿನ ತೆಳು ಮಾಂಸ ಅಷ್ಟೇ. ಜಿಂಕೆ ಸ್ವಲ್ಪ ದೂರ ಓಡಬಹುದು. ರಕ್ತದ ಜಾಡು ಹಿಡಿದು ಹುಡುಕಲು ಬಾರದವರಿಗೆ ಇದು ಕಷ್ಟ ಅನ್ನಿಸುತ್ತದೆ, ಅದಕ್ಕೇ ಭುಜಕ್ಕೆ ಹೊಡೆಯುತ್ತಾರೆ. ಮಾಂಸ ಉಳಿಸಬೇಕು ಅಂತ ಕುತ್ತಿಗೆಗೋ ತಲೆಗೋ ಹೊಡೆಯಲು ಹೋಗಬೇಡಿ. ನಾಲ್ಕು ಬೆರಳು ತಪ್ಪಿದರೆ ದವಡೆ ಮುರಿದ ಜಿಂಕೆ ಕಾಡು ಸೇರುತ್ತದೆ.

ಆ ಬೂದು ಪುಡಿಯ ವಿಷಯ ಹಗುರವಾಗಿ ತಗೋಬೇಡಿ, ಸೀಸ ಹೊಟ್ಟೆಗೆ ಹೋದರೆ ವಿಷ. 2008ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದವರು ಸತ್ತ ಕುರಿಗಳಿಗೆ ಬೇರೆ ಬೇರೆ ಗುಂಡು ಹೊಡೆದು ಎಕ್ಸ್‌ರೇ ತೆಗೆದು ನೋಡಿದ್ದರು. ಬೇಗ ಒಡೆಯುವ ಗುಂಡಿನ ಸೀಸದ ಕಣಗಳು ಗಾಯದಿಂದ ಒಂದು ಅಡಿಗಿಂತ ದೂರದಲ್ಲೂ ಸಿಕ್ಕವು. ತೊಳೆದರೆ ಗಾಯದ ಹತ್ತಿರ ಕಡಿಮೆಯಾಯಿತು, ಬೇರೆ ಕಡೆ ಹರಡಿತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ಬಳಸುವಂತಿಲ್ಲ. ಹಾಗಾಗಿ ಕೆಟ್ಟ ಭಾಗವನ್ನು ತೊಳೆದು, ನೆನೆಸಿ, ಕೀಮಾಕ್ಕೆ ಸೇರಿಸುವ ಜಿಪುಣತನ ಬೇಡ. ಕೀಮಾ ಯಂತ್ರಕ್ಕೆ ಒಂದು ಚೂರು ಹೋದರೆ ಅದು ಇಡೀ ರಾಶಿಗೆ ಹಂಚಿಹೋಗುತ್ತದೆ. ಮನೆಯಲ್ಲಿ ಮಕ್ಕಳು, ಬಸುರಿಯರು ಇದ್ದರೆ ಇನ್ನೂ ಅಗಲವಾಗಿ ಕತ್ತರಿಸಿ ಬಿಸಾಡಿ.

ಅಂಗಡಿಗೆ ಹೋಗಿ ಕೇಳಿದೆ. ‘ಜಿಂಕೆ ಬಿತ್ತಲ್ಲ, ಮತ್ತೇನು ಬೇಕು?’ ಅಂದರು. ಗುಂಡಿನ ತಪ್ಪೇನಿಲ್ಲ, ಅದು ತನ್ನ ಕೆಲಸ ಮಾಡಿತು. ನಾನು ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ವ್ಯತ್ಯಾಸ ಇದೆ ಅಂತ ಗೊತ್ತಿದ್ದೂ ಹೇಳದೆ ಮಾರಿದ್ದು ತಪ್ಪು. ಪೆಟ್ಟಿಗೆ ವಾಪಸ್ ತಗೊಳ್ಳಲಿಲ್ಲ.

ನಿಮಗೂ ಇಂಥ ಪೆಟ್ಟಿಗೆ ಈಗಾಗಲೇ ಗಂಟುಬಿದ್ದಿದ್ದರೆ ಅದನ್ನು ಗುರಿ ಅಭ್ಯಾಸಕ್ಕೆ ಖರ್ಚು ಮಾಡಿ. ಬೇಟೆಗೆ ಸರಿಯಾದದ್ದು ತಂದ ಮೇಲೆ ರೈಫಲ್ಲಿನ ಗುರಿ ಮತ್ತೆ ಹೊಂದಿಸಿಕೊಳ್ಳಿ. ಗುಂಡು ಬದಲಾದರೆ ಅದು ತಗುಲುವ ಜಾಗವೂ ಬದಲಾಗುತ್ತದೆ, ತೂಕ ಒಂದೇ ಇದ್ದರೂ.