ಅಪ್ಪ ಅಮ್ಮನಿಗೆ ಬಿಪಿ ಮಿಷನ್: ಒಂದೇ ಬಟನ್ನಿನ ಓಮ್ರಾನ್ 7120 ಸಾಕಾ?

ಕಣ್ಣಿನ ಪೊರೆ ತೆಗೆಸಲಿಕ್ಕೋ ಹಲ್ಲು ಕೀಳಿಸಲಿಕ್ಕೋ ಹೋದಾಗ "ಬಿಪಿ 160/95 ಇದೆ, ಮೊದಲು ಫಿಸಿಷಿಯನ್ನಿಗೆ ತೋರಿಸಿಕೊಂಡು ಬನ್ನಿ" ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಹಿರಿಯರ ಬಿಪಿ ಗೊತ್ತಾಗುವುದೇ ಹೀಗೆ. ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುವ ಮಗ ಅಥವಾ ಮಗಳು ಅಂದೇ ರಾತ್ರಿ ಒಂದು ಮಿಷನ್ ಆರ್ಡರ್ ಮಾಡುತ್ತಾರೆ. ಹಾಗೆ ಊರಿನ ಮನೆಗೆ ಬಂದಿಳಿಯುವ ಮಿಷನ್‌ಗಳಲ್ಲಿ ಓಮ್ರಾನ್ ಎಚ್‌ಇಎಮ್-7120 ಬಹಳ ಕಡೆ ಕಾಣಸಿಗುತ್ತದೆ. ಮಿಷನ್ ಒಳ್ಳೆಯದೇ. ಆದರೆ ಎಲ್ಲರ ತೋಳಿಗೂ ಅಲ್ಲ. ತಂದುಕೊಟ್ಟು ಬಳಸುವ ಕ್ರಮ ಹೇಳಿಕೊಡದಿದ್ದರೆ ಇದ್ದ ಗಾಬರಿ ಇನ್ನಷ್ಟು ಹೆಚ್ಚುತ್ತದೆ, ಅಷ್ಟೇ.

ಡಬ್ಬಿಯಲ್ಲಿ ಮಿಷನ್, ತೋಳಿಗೆ ಸುತ್ತುವ ಪಟ್ಟಿ, ಗಾಳಿಯ ಪೈಪು ಮತ್ತು ಪುಸ್ತಿಕೆ ಇರುತ್ತವೆ. ಓಡುವುದು 4 ಪೆನ್ಸಿಲ್ ಸೆಲ್ಲಿನಲ್ಲಿ. ಹೊಸ ಆಲ್ಕಲೈನ್ ಸೆಲ್ ಹಾಕಿದರೆ ಸುಮಾರು 1000 ಸಲ ನೋಡಬಹುದು ಎಂದು ಕಂಪನಿ ಹೇಳುತ್ತದೆ. ಒತ್ತಡದಲ್ಲಿ 3 ಅಂಕ ಹೆಚ್ಚು ಅಥವಾ ಕಡಿಮೆ, ನಾಡಿಯಲ್ಲಿ ಶೇಕಡಾ 5ರಷ್ಟು ವ್ಯತ್ಯಾಸ ಇರಬಹುದು. ಇರುವುದು ಒಂದೇ ಬಟನ್: ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಅಂಕಿಗಳು ದೊಡ್ಡವು, ಕನ್ನಡಕ ಇಲ್ಲದೆಯೂ ಓದಬಹುದು. ಎಪ್ಪತ್ತು ದಾಟಿದವರು ಯಾರ ಸಹಾಯವೂ ಇಲ್ಲದೆ ಬಳಸಬಲ್ಲರು ಎನ್ನುವುದೇ ಇದರ ಹೆಚ್ಚುಗಾರಿಕೆ. ಕೊರತೆಯೆಂದರೆ ಗಡಿಯಾರ ಇಲ್ಲ. ಯಾವ ರೀಡಿಂಗ್ ಯಾವ ದಿನದ್ದು, ಎಷ್ಟು ಹೊತ್ತಿನದ್ದು ಎಂದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲೇಬೇಕು.

ಪಟ್ಟಿಯ ಅಳತೆಯನ್ನು ಆರ್ಡರ್ ಮಾಡುವ ಮೊದಲೇ ನೋಡಬೇಕು. ಈ ಮಾಡೆಲ್ ಜೊತೆ ಬರುವುದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಭುಜದ ಮೂಳೆಯಿಂದ ಮೊಣಕೈವರೆಗಿನ ನಡುಭಾಗ ಎಲ್ಲಿದೆ ನೋಡಿ, ಅಲ್ಲಿ ಬರಿಮೈ ಮೇಲೆ ದರ್ಜಿಯ ಟೇಪು ಸುತ್ತಿ ಅಳೆಯಬೇಕು. ಸ್ವಲ್ಪ ಮೈಕೈ ತುಂಬಿಕೊಂಡ ಅಮ್ಮಂದಿರ ತೋಳು 33–36 ಇರುವುದು ಅಪರೂಪವೇನಲ್ಲ. ಚಿಕ್ಕ ಪಟ್ಟಿಯನ್ನು ದಪ್ಪ ತೋಳಿಗೆ ಸುತ್ತಿದರೆ ಬಿಪಿ ಇಲ್ಲದ್ದೂ ಇದೆ ಎಂದು ತೋರುತ್ತದೆ. ಎಷ್ಟರಮಟ್ಟಿಗೆ ಎನ್ನುವುದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2023ರಲ್ಲಿ ಅಳೆದು ತೋರಿಸಿದರು. ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಹಾಕಿದಾಗ ಮೇಲಿನ ಅಂಕಿ ಸರಾಸರಿ 4.8 ಹೆಚ್ಚು ಬಂತು. ಅದಕ್ಕಿಂತ ದೊಡ್ಡದು ಬೇಕಾದವರಿಗೆ 19.5 ಹೆಚ್ಚು ಬಂತು! 130 ಇರುವವರಿಗೆ 150 ತೋರಿಸಿದರೆ ಅನಗತ್ಯ ಮಾತ್ರೆ ಶುರುವಾಗಬಹುದು. ಸಣಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇದು ತಿರುಗುಮುರುಗು. ಅದೇ ಅಧ್ಯಯನದಲ್ಲಿ ಅಂಥವರಿಗೆ 3.6 ಕಡಿಮೆ ಬಂತು, ಎಂದರೆ ಇರುವ ಬಿಪಿ ಮುಚ್ಚಿಹೋಗಬಹುದು.

ಆದ್ದರಿಂದ ಆಯ್ಕೆ ಕಷ್ಟವೇನಲ್ಲ. ತೋಳು 22–32ರ ಒಳಗಿದ್ದರೆ 7120 ಸಾಕು. 32 ದಾಟಿದರೆ, ಅಥವಾ 31–32ರ ಅಂಚಿನಲ್ಲಿದ್ದರೆ, 22–42 ಸೆಂ.ಮೀ. ಪಟ್ಟಿ ಇರುವ ಎಚ್‌ಇಎಮ್-7156ರಂಥದ್ದು ತೆಗೆದುಕೊಳ್ಳಿ. ಅದರ ಪಟ್ಟಿ ಗಟ್ಟಿಯಾಗಿ, ಮೊದಲೇ ಸುತ್ತಿಕೊಂಡ ಆಕಾರದಲ್ಲಿರುತ್ತದೆ. ಸಂಧಿನೋವಿನ ಕೈಯಿಂದ ಒಬ್ಬರೇ ಹಾಕಿಕೊಳ್ಳಲೂ ಅದು ಸಲೀಸು. ಅಪ್ಪನ ತೋಳು 27, ಅಮ್ಮನದು 35 ಆಗಿದ್ದರೆ ಇಬ್ಬರಿಗೂ ಅದೊಂದೇ ಸಾಕು. 22ಕ್ಕಿಂತ ಸಣ್ಣ ತೋಳಿಗೆ ಚಿಕ್ಕ ಪಟ್ಟಿ ಬೇರೆಯಾಗಿ ಸಿಗುತ್ತದೆ, ನಿಮ್ಮ ಮಾಡೆಲ್‌ಗೆ ಹೊಂದುತ್ತದೋ ನೋಡಿ ಕೊಳ್ಳಬೇಕು. ಬೇರೆ ಕಂಪನಿಯ ಪಟ್ಟಿ ಸಿಕ್ಕಿಸುವುದು ಬೇಡ. ಪೈಪು ಹಿಡಿದರೂ ಲೆಕ್ಕ ಹಿಡಿಯುವುದಿಲ್ಲ: ಈ ಮಿಷನ್‌ಗಳು ಪಟ್ಟಿಯೊಳಗಿನ ಗಾಳಿಯಲ್ಲಿ ನಾಡಿಯಿಂದ ಏಳುವ ಸಣ್ಣ ಕಂಪನಗಳನ್ನು ಹಿಡಿದು, ಕಂಪನಿಯದೇ ಸೂತ್ರದಿಂದ ಮೇಲಿನ ಮತ್ತು ಕೆಳಗಿನ ಅಂಕಿ ಲೆಕ್ಕ ಹಾಕುತ್ತವೆ. ಆ ಸೂತ್ರ ಆ ಪಟ್ಟಿಗೇ ಹೊಂದಿಸಿದ್ದು.

ಇನ್ನು ಬಳಕೆ. ಪುಸ್ತಿಕೆಯಲ್ಲಿರುವ ಚಿತ್ರದಲ್ಲಿ ವ್ಯಕ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಾನೆ. ನಮ್ಮ ಮನೆಗಳಲ್ಲಿ ಮಂಚದ ಅಂಚಿನಲ್ಲಿ ಕೂತು, ಕೈಯನ್ನು ತೊಡೆ ಮೇಲಿಟ್ಟು ನೋಡುವುದೇ ಹೆಚ್ಚು. ಬೆನ್ನಿಗೆ ಆಸರೆ ಇಲ್ಲ, ಕೈ ಎದೆಮಟ್ಟಕ್ಕಿಂತ ಕೆಳಗೆ. ಕೈ ತೊಡೆ ಮೇಲಿದ್ದರೆ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಜೋತು ಬಿಟ್ಟಿದ್ದರೆ 6.5ರಷ್ಟು ಹೆಚ್ಚು ಬರುತ್ತದೆ ಎಂದು 2024ರ ಮತ್ತೊಂದು ಜಾನ್ಸ್ ಹಾಪ್ಕಿನ್ಸ್ ಅಧ್ಯಯನ ತೋರಿಸಿತು. ಊಟದ ಮೇಜಿನ ಪಕ್ಕ ಬೆನ್ನೊರಗುವ ಕುರ್ಚಿ ಹಾಕಿ, ಎರಡೂ ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ಮೇಜು ತಗ್ಗಾಗಿದ್ದರೆ ಕೈಕೆಳಗೆ ಮಡಚಿದ ಟವೆಲ್ಲೋ ದಿಂಬೋ ಇಟ್ಟು ಪಟ್ಟಿಯ ನಡುಭಾಗ ಎದೆಯ ನಡುಮಟ್ಟಕ್ಕೆ ಬರುವಂತೆ ಮಾಡಿ. ಗಿಡ್ಡಗಿರುವವರ ಕಾಲು ನೆಲಕ್ಕೆ ಎಟುಕದಿದ್ದರೆ ಮಣೆ ಕೊಡಿ. ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕೂತು ನೋಡಿದ ಅಂಕಿಯನ್ನು ಲೆಕ್ಕಕ್ಕೆ ಸೇರಿಸಬೇಡಿ.

ರವಿಕೆಯ ತೋಳಿನದು ಬೇರೆಯೇ ತಾಪತ್ರಯ. ಬಿಗಿ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಒಂದು ಕಟ್ಟಿನಂತೆ ರಕ್ತನಾಳವನ್ನು ಒತ್ತುತ್ತದೆ. ಬಟ್ಟೆಯ ಮೇಲೆಯೇ ಪಟ್ಟಿ ಸುತ್ತುವುದೂ ಸರಿಯಲ್ಲ. ಸಡಿಲ ತೋಳಿನ ನೈಟಿ ತೊಟ್ಟಿರುವ ಬೆಳಗಿನ ಹೊತ್ತೇ ಅನುಕೂಲ. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ 1–2 ಸೆಂ.ಮೀ. ಮೇಲಿರಲಿ, ಗಾಳಿಯ ಪೈಪು ತೋಳಿನ ಒಳಬದಿಯಲ್ಲಿ ಅಂಗೈ ಕಡೆಗೆ ಇಳಿಯಲಿ. ಬೆರಳು ತೂರುವಷ್ಟು ಬಿಗಿ ಸಾಕು.

ಮಿಷನ್ ಓಡುವಾಗ ಮಾತಾಡಕೂಡದು. ಇದನ್ನು ಕೆಡಿಸುವವರು ಹೆಚ್ಚಾಗಿ ದೂರದಲ್ಲಿರುವ ಮಕ್ಕಳೇ. ವಿಡಿಯೋ ಕಾಲ್ ಹಚ್ಚಿ "ಅಮ್ಮಾ, ಎಷ್ಟು ತೋರಿಸ್ತಿದೆ? ನಿನ್ನೆ ಮಾತ್ರೆ ತಗೊಂಡ್ಯಾ?" ಎಂದು ಕೇಳುತ್ತಿದ್ದರೆ ಅಮ್ಮ ಉತ್ತರ ಕೊಡುತ್ತಾರೆ, ಮಾತಿನಿಂದಲೇ ಅಂಕಿ 10ರಷ್ಟು ಏರಬಹುದು. ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. ಕಾಫಿ, ಬೀಡಿ, ವಾಕಿಂಗ್ ಆದಮೇಲೆ ಅರ್ಧ ಗಂಟೆ ಬಿಡಬೇಕು. ಆದ್ದರಿಂದ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿಬಂದು, ಟಿವಿ ಹಚ್ಚದೆ 5 ನಿಮಿಷ ಸುಮ್ಮನೆ ಕೂತು, ಕಾಫಿಗೂ ತಿಂಡಿಗೂ ಬಿಪಿ ಮಾತ್ರೆಗೂ ಮುಂಚೆ ನೋಡುವುದು ಒಳ್ಳೆಯದು. 1 ನಿಮಿಷ ಬಿಟ್ಟು ಇನ್ನೊಮ್ಮೆ. ಪುಸ್ತಿಕೆ 2–3 ನಿಮಿಷ ಬಿಡಿ ಅನ್ನುತ್ತದೆ, ವಯಸ್ಸಾದವರಿಗೆ ಅದೇ ವಾಸಿ. ಸಂಜೆ ಊಟಕ್ಕೆ ಮೊದಲು ಹೀಗೇ ಎರಡು ಸಲ.

ಇದನ್ನು 7 ದಿನ ಮಾಡಿದರೆ 28 ರೀಡಿಂಗ್ ಆಗುತ್ತವೆ. ಮೊದಲ ದಿನದ 4 ಬಿಡಿ, ಆ ದಿನ ಮಿಷನ್ ಹೊಸದು, ಭಯವೂ ಹೊಸದು. ಉಳಿದ 24ರ ಸರಾಸರಿ ತೆಗೆದು ಡಾಕ್ಟರಿಗೆ ಕೊಡಿ. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಸರಾಸರಿಗೆ ಗಡಿ 135/85. ಆಸ್ಪತ್ರೆಯಲ್ಲಿ 160 ಬಂದವರಿಗೆ ಮನೆಯ ಸರಾಸರಿ 128 ಬರುವುದುಂಟು. ಬಿಳಿ ಕೋಟು ಕಂಡರೆ ಏರುವ ಬಿಪಿ ಅದು. ಕ್ಲಿನಿಕ್ಕಿನಲ್ಲಿ ಸರಿಯಿದ್ದು ಮನೆಯಲ್ಲಿ ಏರಿರುವವರೂ ಇದ್ದಾರೆ. ಅವರನ್ನು ಹಿಡಿಯಲು ಮನೆಯ ಮಿಷನ್ನೇ ಬೇಕು. ಹಾಗೆಂದು ಸರಾಸರಿ ಇಳಿಯಿತು ಎಂದು ಬರೆದುಕೊಟ್ಟ ಮಾತ್ರೆಯನ್ನು ತಾವೇ ನಿಲ್ಲಿಸುವಂತಿಲ್ಲ. ಇಳಿದಿರುವುದು ಮಾತ್ರೆಯಿಂದಲೇ ಇರಬಹುದು.

ಒಂದೇ ಬೈಠಕ್ಕಿನಲ್ಲಿ ಮೊದಲು 152, ಆಮೇಲೆ 144 ಬಂದರೆ ಮಿಷನ್ ಕೆಟ್ಟಿದೆ ಎಂದಲ್ಲ. ಮೊದಲನೆಯದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ, ರಕ್ತದೊತ್ತಡ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಆದರೆ 152 ನೋಡಿ ಹೆದರಿ, ಬಿಡದೆ ಹತ್ತು ಸಲ ಒತ್ತುವವರಿದ್ದಾರೆ. ಪ್ರತಿ ಸಲವೂ ಭಯಕ್ಕೆ ಇನ್ನಷ್ಟು ಏರುತ್ತದೆ, ತೋಳೂ ನೋಯುತ್ತದೆ. 7120ರ ಪರದೆಯಲ್ಲಿ 135/85 ಮುಟ್ಟಿದ ಕೂಡಲೇ ಬಿಪಿ ಹೆಚ್ಚಿದೆ ಎಂಬ ಗುರುತು ಬರುತ್ತದೆ. ಆತಂಕದ ಸ್ವಭಾವದವರಿಗೆ ಈ ಗುರುತಿನಿಂದ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ. ಒಂದೊಂದು ರೀಡಿಂಗಿಗೂ ಬೆಚ್ಚಬೇಕಿಲ್ಲ ಎಂದು ಮೊದಲೇ ಹೇಳಿಡಬೇಕು. ಸರಾಸರಿ ಹತೋಟಿಗೆ ಬಂದಮೇಲೆ ದಿನವೂ ನೋಡುವ ಅಗತ್ಯವಿಲ್ಲ. ಡಾಕ್ಟರ್ ಭೇಟಿಗೆ ಮುಂಚಿನ ವಾರ ಮತ್ತೆ ಬರೆದಿಟ್ಟರೆ ಸಾಕಾಗುತ್ತದೆ.

ತಡೆದು ಕೂರಬಾರದ ಅಂಕಿ 180/120. ಎರಡರಲ್ಲಿ ಯಾವುದೊಂದು ಇದನ್ನು ಮುಟ್ಟಿದರೂ 5 ನಿಮಿಷ ಕೂತು ಮತ್ತೆ ನೋಡಿ. ಜೊತೆಗೆ ಎದೆನೋವು, ಏದುಸಿರು, ಮಾತು ತೊದಲುವುದು, ಬಾಯಿ ಓರೆಯಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಎರಡನೇ ರೀಡಿಂಗಿಗೆ ಕಾಯದೆ 108ಕ್ಕೆ ಕರೆ ಮಾಡಿ. ಇಂಥ ಲಕ್ಷಣವೇನೂ ಇಲ್ಲದೆ ಅಂಕಿ ಮಾತ್ರ ಮೇಲಿದ್ದರೆ ಅಂದೇ ಡಾಕ್ಟರನ್ನು ಕೇಳಿ. ಎರಡು ಮಾತ್ರೆ ಒಟ್ಟಿಗೆ ನುಂಗಿಸುವುದು, ಪಕ್ಕದ ಮನೆಯವರ ಮಾತ್ರೆ ನಾಲಿಗೆ ಕೆಳಗಿಡಿಸುವುದು ಬೇಡವೇ ಬೇಡ. ಒತ್ತಡ ಒಮ್ಮೆಲೇ ಕುಸಿದರೆ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಅಂದಹಾಗೆ, ಮೇಲಿನದು 210 ದಾಟುತ್ತದೆ ಎಂದು ಗೊತ್ತಿರುವವರಿಗೆ ಪಟ್ಟಿ ಉಬ್ಬತೊಡಗಿದ ಮೇಲೆ ಬಟನ್ ಒತ್ತಿ ಹಿಡಿದು, ನಿರೀಕ್ಷಿಸುವ ಅಂಕಿಗಿಂತ 30–40 ಮೇಲಕ್ಕೆ ಗಾಳಿ ಏರಿಸಬೇಕು. ಪುಸ್ತಿಕೆಯಲ್ಲಿ ಇದು ಸಣ್ಣ ಅಕ್ಷರದಲ್ಲಿರುತ್ತದೆ.

ಮೊದಲ ದಿನ ಎರಡೂ ತೋಳಿನಲ್ಲಿ ನೋಡಿ, ಹೆಚ್ಚು ಬರುವ ತೋಳನ್ನೇ ಮುಂದೆ ಬಳಸಬೇಕು. ವ್ಯತ್ಯಾಸ ಮತ್ತೆ ಮತ್ತೆ 10 ಮೀರಿದರೆ ಡಾಕ್ಟರಿಗೆ ಹೇಳಿ. ಮಾತ್ರೆ ಶುರುವಾದ ಮೇಲೆ ಏಳುವಾಗ ತಲೆಸುತ್ತು ಬಂದರೆ ಕೂತು ಒಮ್ಮೆ, ಎದ್ದು ನಿಂತು 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಒಮ್ಮೊಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ನಿಂತಾಗ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಯ ಪ್ರಮಾಣವನ್ನು ಡಾಕ್ಟರ್ ಮತ್ತೆ ನೋಡಬೇಕಾಗುತ್ತದೆ. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಇದೂ ಇರುತ್ತದೆ. ನಾಡಿ ಏರುಪೇರಿನ ಗುರುತು ಒಮ್ಮೆ ಬಂದರೆ ಅಲುಗಾಡಿದ್ದಕ್ಕೂ ಇರಬಹುದು. ದಿನವೂ ಬರುತ್ತಿದ್ದರೆ ಇಸಿಜಿ ಮಾಡಿಸಬೇಕು. ನಾಡಿ ನಿಜಕ್ಕೂ ತಾಳ ತಪ್ಪಿದ್ದರೆ ಇಂಥ ಮಿಷನ್‌ಗಳ ಒಂದು ರೀಡಿಂಗನ್ನು ನಂಬುವಂತಿಲ್ಲ, ಮೂರು ನೋಡಿ ಸರಾಸರಿ ಹಿಡಿಯಬೇಕು.

ಮಣಿಕಟ್ಟಿನ ಮಿಷನ್ ಅಗ್ಗ, ಹಾಕಲು ಸುಲಭ. ಆದರೆ ಕೈಯ ಮಟ್ಟ ಸ್ವಲ್ಪ ತಪ್ಪಿದರೂ ಅಂಕಿ ತಪ್ಪುತ್ತದೆ. ತೋಳಿಗೆ ಯಾವ ಪಟ್ಟಿಯೂ ಹೊಂದದವರಿಗೆ ಬಿಟ್ಟರೆ ಬೇಡ. ವಾಚಿನ ಬಿಪಿಯನ್ನು ಮಾತ್ರೆ ನಿರ್ಧರಿಸಲು ಬಳಸಬೇಡಿ. ಬ್ಲೂಟೂತ್ ಮಾಡೆಲ್ ಕೊಂಡರೆ ಅಪ್ಪನ ಫೋನಿನಲ್ಲಿ ಆ್ಯಪ್ ಹಾಕಿ, ಜೋಡಿಸಿ, ಅದು ಕಳಚಿಕೊಂಡಾಗ ಮತ್ತೆ ಜೋಡಿಸುವವರು ಊರಲ್ಲಿ ಬೇಕು. ನೋಟ್‌ಬುಕ್ಕಿನ ಪುಟದ ಫೋಟೋ ವಾಟ್ಸ್ಆ್ಯಪ್ ಮಾಡಿಸುವುದೇ ಬಾಳಿಕೆ ಬರುವ ದಾರಿ. ಬೇರೆ ಬ್ರ್ಯಾಂಡ್ ನೋಡುವುದಾದರೆ, ನಿಖರತೆಯ ಪರೀಕ್ಷೆಯಲ್ಲಿ ಪಾಸಾದ ಮಿಷನ್‌ಗಳನ್ನು ಹೆಸರಿಸುವ ಸ್ಟ್ರೈಡ್ ಬಿಪಿ (STRIDE BP) ಜಾಲತಾಣದಲ್ಲಿ ಮಾಡೆಲ್ ನಂಬರ್ ಇದೆಯೋ ಹುಡುಕಿ. ಕಂಪನಿಯ ಹೆಸರಿದ್ದರೆ ಸಾಲದು, ನಂಬರೇ ಕೂಡಬೇಕು.

ದರ 7120ಕ್ಕೆ ಎರಡು ಸಾವಿರದ ಆಸುಪಾಸು, 7156ಕ್ಕೆ ಅದಕ್ಕಿಂತ ಹೆಚ್ಚು. ಬಿಪಿ ಮಿಷನ್‌ಗಳ ಮಾರಾಟದ ಲಾಭಕ್ಕೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶೇಕಡಾ 70ರ ಮಿತಿ ಹಾಕಿತ್ತು. ಈಗಲೂ ಎಂಆರ್‌ಪಿಗೂ ಮಾರುವ ಬೆಲೆಗೂ ಒಳ್ಳೆಯ ಅಂತರವಿರುತ್ತದೆ, ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಇಳಿಸುತ್ತಾರೆ. ಅಂಗಡಿಯಲ್ಲೇ ಕೊಳ್ಳುವುದಕ್ಕೆ ಇನ್ನೊಂದು ಅನುಕೂಲ: ಪಟ್ಟಿಯನ್ನು ಅಮ್ಮನ ತೋಳಿಗೆ ಸುತ್ತಿ ನೋಡಬಹುದು. ಬಿಲ್ಲಿಗೆ ಅಂಗಡಿಯ ಸೀಲು ಹಾಕಿಸಿಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.

ಪಟ್ಟಿ ಉಬ್ಬಿ, ಅಂಕಿ ಬರದೆ ಎರರ್ ತೋರಿಸಿದರೆ ಸರ್ವಿಸ್ ಸೆಂಟರಿಗೆ ಓಡುವ ಮೊದಲು ಪೈಪಿನ ತುದಿ ಪೂರ್ತಿ ಒಳಗೆ ಕೂತಿದೆಯೋ, ಎಲ್ಲಾದರೂ ಮಡಚಿದೆಯೋ, ಪಟ್ಟಿ ಸಡಿಲವೋ ನೋಡಿ. ಪೈಪನ್ನು ಮಿಷನ್‌ಗೆ ಬಿಗಿಯಾಗಿ ಸುತ್ತಿಡುವವರಲ್ಲಿ ಬುಡದ ಹತ್ತಿರ ಬಿರುಕು ಬಿಡುತ್ತದೆ. ಆಗ ಪೈಪಿನ ಸಮೇತ ಪಟ್ಟಿ ಮಾತ್ರ ಬದಲಿಸಿದರೆ ಸಾಕು. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗು ತಿಂದುಹೋಗುತ್ತದೆ. ಅಡಾಪ್ಟರ್ ಬೇಕಿದ್ದರೆ ಕಂಪನಿಯದೇ ಇರಲಿ. ಎರಡು ವರ್ಷಕ್ಕೊಮ್ಮೆ ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಬೇಕು. ನಡುವೆ ಅನುಮಾನ ಬಂದರೆ ಮಿಷನ್ ಕ್ಲಿನಿಕ್ಕಿಗೇ ಒಯ್ದು, ಒಂದೇ ತೋಳಿನಲ್ಲಿ ಅವರದು, ನಿಮ್ಮದು, ಮತ್ತೆ ಅವರದು ಹೀಗೆ ಸರದಿಯಂತೆ ನೋಡಿಸಿ. ಒಂದೆರಡು ನಿಮಿಷದ ಬಿಡುವು ಇರಲಿ. 5ರೊಳಗಿನ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪ್ರತಿ ಸಲವೂ ಒಂದೇ ದಿಕ್ಕಿಗೆ 10 ಅಥವಾ ಹೆಚ್ಚು ಬಂದರೆ ಮೊದಲು ಪಟ್ಟಿಯ ಅಳತೆ ನೋಡಿ, ಅದೂ ಸರಿಯಿದ್ದರೆ ಮಿಷನ್ ಸರ್ವಿಸ್ಸಿಗೆ ಕೊಡಿ.